ಮಂಜನಿಗೆ, ಡಾರ್ಟ್‌ಮೂರ್‌ನಿಂದ

ಲೋ ಮಂಜ,

ಎಲ್ರೂ ಓದೋ ಜಾಗದಲ್ಲಿ ಹಾಕ್ತಿದೀನಿ, ಬೈಬೇಡ ಮಾರಾಯ. ನಿಂಗೊಬ್ಬಂಗೇ ಮೆಸೇಜ್ ಮಾಡೋಣ ಅಂತ ಕೂತ್ರೆ ಟೈಪ್ ಮಾಡ್ತೀನಿ, ಅಳಿಸ್ತೀನಿ, ಫೋನ್ ಮಗುಚಿಟ್ಟು ಮಲಗ್ತೀನಿ. ಇಲ್ಲಾದ್ರೆ ನಾಲ್ಕು ಜನ ನೋಡಿಬಿಟ್ಟಿರ್ತಾರೆ, ಅಳಿಸೋಕೆ ಮನಸ್ಸು ಬರಲ್ಲ.

ಇಂಗ್ಲೆಂಡಿನ ಎಕ್ಸೆಟರ್‌ಗೆ ಬಂದು ಎರಡು ವರ್ಷ ಆಯ್ತಲ್ಲ, ಈಗ ಶನಿವಾರ ಬಂದ್ರೆ ಸಾಕು ಬೂಟು ಹಾಕ್ಕೊಂಡು ಪಕ್ಕದ ಡಾರ್ಟ್‌ಮೂರ್ ಅನ್ನೋ ಬೋಳು ಗುಡ್ಡದ ಸೀಮೆಗೆ ಹೊರಟುಬಿಡ್ತೀನಿ. ಲೆಟರ್‌ಬಾಕ್ಸಿಂಗ್ ಅಂತ ಹುಚ್ಚು ಹಿಡಿದಿದೆ. ಬಂಡೆ ಸಂದೀಲಿ ಯಾರೋ ಒಂದು ಪ್ಲಾಸ್ಟಿಕ್ ಡಬ್ಬಿ ಬಚ್ಚಿಟ್ಟಿರ್ತಾರೆ, ಒಳಗೆ ಒಂದು ರಬ್ಬರ್ ಸೀಲು, ಒಂದು ಪುಸ್ತಕ. ಅಲ್ಲಿನ ಸೀಲನ್ನ ನಮ್ಮ ಪುಸ್ತಕಕ್ಕೆ ಹೊಡ್ಕೊಂಡು, ನಮ್ಮ ಸೀಲನ್ನ ಅಲ್ಲಿನ ಪುಸ್ತಕಕ್ಕೆ ಹೊಡೆದು, ತಾರೀಖು ಬರೆದು, ಹೆಂಗಿತ್ತೋ ಹಂಗೇ ಮುಚ್ಚಿಟ್ಟು ಬರ್ಬೇಕು, ಅಷ್ಟೇ. ಸುಳಿವು ಅಂತ ಕೊಡೋದು ಹೆಚ್ಚಾಗಿ ದಿಕ್ಕು, ಆ ಟಾರ್‌ನ ತುದಿ ಇಷ್ಟು ಡಿಗ್ರಿ, ಈ ಕಾಡಿನ ಮೂಲೆ ಇಷ್ಟು ಡಿಗ್ರಿ ಅಂತ. ಟಾರ್ ಅಂದ್ರೆ ಗುಡ್ಡದ ನೆತ್ತಿ ಮೇಲೆ ಏಳೋ ಗ್ರಾನೈಟ್ ಬಂಡೆ ರಾಶಿ. ದಿಕ್ಸೂಚಿ ಕೈಲಿ ಹಿಡಿದು ಎರಡೂ ಲೆಕ್ಕ ಸರಿಹೋಗೋ ಜಾಗ ಸಿಗೋವರೆಗೂ ಹಿಂದೆ ಮುಂದೆ ನಡೀತಾ ಇರ್ಬೇಕು, ಅಷ್ಟ್ರಲ್ಲಿ ಮಂಜು ಇಳಿದ್ರೆ ಮುಗೀತು, ನಮ್ಮ ಆಗುಂಬೆ ಥರಾನೇ, ಮುಂದೆ ನಿಂತಿರೋ ಕುದುರೆಮರೀನೂ ಕಾಣಲ್ಲ.

ಇದು ಶುರುವಾಗಿದ್ದು 1854ರಲ್ಲಿ. ಚಾಗ್‌ಫರ್ಡ್ ಅನ್ನೋ ಊರಲ್ಲಿ ಜೇಮ್ಸ್ ಪೆರೊಟ್ ಅಂತ ಒಬ್ಬ ಗೈಡ್ ಇದ್ದ, ಕ್ರಾನ್‌ಮಿಯರ್ ಪೂಲ್ ಅನ್ನೋ ಕಡೆ ಒಂದು ಬಾಟ್ಲಿ ಇಟ್ಟ, ಅಷ್ಟು ದೂರ ಕೆಸರು ತುಳ್ಕೊಂಡು ಬಂದೋರು ತಮ್ಮ ವಿಸಿಟಿಂಗ್ ಕಾರ್ಡ್ ಬಿಟ್ಟುಹೋಗ್ಲಿ ಅಂತ. ಆಮೇಲೆ ಜನ ಅಲ್ಲಿ ಪೋಸ್ಟ್ ಕಾರ್ಡ್ ಇಡೋಕೆ ಶುರುಮಾಡಿದ್ರು, ತಮಗೇ ಬರ್ಕೊಂಡಿದ್ದು, ಸ್ನೇಹಿತರಿಗೆ ಬರೆದಿದ್ದು. ಮುಂದೆ ಯಾರು ಬರ್ತಾರೋ ಅವರು ತಗೊಂಡುಹೋಗಿ ಅಂಚೆಗೆ ಹಾಕೋದು. ಗುರುತಿಲ್ಲ ಪರಿಚಯ ಇಲ್ಲ, ಆದ್ರೂ ಹಾಕ್ತಿದ್ರು ನೋಡು!

ಸೀಲು ನಾನೇ ಕೆತ್ತಿದೀನಿ, ಅಳಿಸೋ ರಬ್ಬರಿನ ಮೇಲೆ. ಅಡಿಕೆ ಮರ. ತೆಳು ಕಾಗದದ ಮೇಲೆ ಪೆನ್ಸಿಲಲ್ಲಿ ಬರೆದು, ಬರೆದ ಮಗ್ಗುಲನ್ನ ರಬ್ಬರಿಗೆ ಒತ್ತಿ ಉಗುರಲ್ಲಿ ಉಜ್ಜಿದ್ರೆ ಚಿತ್ರ ತಿರುಗಿ ಕೂರುತ್ತೆ. ಆಮೇಲೆ ಸಣ್ಣ ಉಳಿಯಿಂದ ಗೆರೆ ಬಿಟ್ಟು ಉಳಿದದ್ದನ್ನ ತೆಗೀಬೇಕು, ಗೆರೆಯ ಬುಡ ಅಗಲ ಇರ್ಬೇಕು, ಇಲ್ದಿದ್ರೆ ನಾಲ್ಕು ಸಲ ಒತ್ತೋದ್ರೊಳಗೆ ಮುರಿಯುತ್ತೆ. ಉಳಿ ಕೈಲಿದ್ದಾಗ ಉಸಿರು ಬಿಡೋದೇ ಮರೆತುಹೋಗುತ್ತೆ. ಸೋಗೆ ಕೆತ್ತೋಕೇ ಮೂರು ಸಂಜೆ ಹಿಡೀತು. ಶೆಟ್ರ ತೋಟದ ಆ ಮರಾನೇ ಅದು, ಯಾವುದು ಅಂತ ನಿಂಗೆ ಹೇಳ್ಬೇಕಾ.

ಮೊದಲ್ನೇ ಸಲ ಸ್ಟಾಂಪ್ ಪ್ಯಾಡ್ ಮುಚ್ಚಳ ತೆಗೆದಾಗ ಆ ವಾಸನೆ ಬಂತು ನೋಡು. ನಿಮ್ಮ ಅಪ್ಪಯ್ಯನ ಪೋಸ್ಟ್ ಆಫೀಸು. ಮಧ್ಯಾಹ್ನ ಟಪಾಲು ಬಂದಾಗ ಟಕ್ ಟಕ್ ಅಂತ ಠಸ್ಸೆ ಹೊಡೀತಾ ಇದ್ರಲ್ಲ, ಒಂದು ಪ್ಯಾಡಿಗೆ ಒಂದು ಕಾಗದಕ್ಕೆ, ತಲೆ ಎತ್ತದೇನೇ. ಕೊನೇ ಎರಡು ಕಾಗದ ನಮಗೆ ಅಂತಾನೇ ಉಳಿಸ್ತಿದ್ರು, ನಿಂಗೊಂದು ನಂಗೊಂದು. ತಾರೀಖು ಓದೋ ಹಂಗಿರ್ಬೇಕು ಕಣ್ರೋ, ಯಾರ ಮನೆಗೋ ಹೋಗೋದು ಅಂತಿದ್ರು.

ಹೋದ ಆಷಾಢದಲ್ಲಿ ಅವರು ಹೋದಾಗ ನಾನೇನು ಮಾಡ್ದೆ ಮಂಜ. ಗ್ರೂಪಲ್ಲಿ ಕೈ ಮುಗಿಯೋ ಚಿತ್ರ ಒಂದು ಹಾಕ್ದೆ. ಐವತ್ತು ಜನ ಹಾಕಿದ್ರು, ಅದ್ರಲ್ಲಿ ನಂದೂ ಒಂದು. ಫೋನ್ ಮಾಡ್ಲಿಲ್ಲ. ರಜೆ ಸಿಗ್ಲಿಲ್ಲ ಅಂತ ನಿಮ್ಮನೇಲಿ ಹೇಳಿಸಿದ್ದೆ, ಅದೂ ಸುಳ್ಳು, ನಾನು ಕೇಳೇ ಇರ್ಲಿಲ್ಲ. ಬಂದ್ರೆ ಆ ಜಗುಲಿ ಮೇಲೆ ಅವರ ಕುರ್ಚಿ ಖಾಲಿ ನೋಡ್ಬೇಕಲ್ಲ ಅಂತ ಹೆದರಿದ್ದೆ. ಆಮೇಲೆ ದಿನ ಕಳೆದಷ್ಟೂ ಏನಂತ ಮಾತು ಶುರುಮಾಡ್ಲಿ ಅಂತ ಗೊತ್ತಾಗ್ಲಿಲ್ಲ.

ಮಾರ್ಚ್‌ನಲ್ಲಿ ಕ್ರಾನ್‌ಮಿಯರ್‌ಗೆ ಹೋದೆ. ಮಿಲಿಟರಿಯವರು ಗುಂಡು ಹಾರಿಸಿ ಅಭ್ಯಾಸ ಮಾಡೋ ಜಾಗ ಅದು, ಕೆಂಪು ಬಾವುಟ ಹಾರದ ದಿನ ನೋಡ್ಕೊಂಡೇ ಹೋಗ್ಬೇಕು. ಹೆಸರಿಗೆ ಕೊಳ, ನೀರಿಲ್ಲ, ಕಪ್ಪು ಮಣ್ಣಿನ ತಗ್ಗು, 1937ರಲ್ಲಿ ಕಟ್ಟಿದ ಕಲ್ಲಿನ ಗೂಡು. ಅಲ್ಲಿ ಮೊಣಕಾಲೂರಿ ನಿಂಗೊಂದು ಕಾರ್ಡ್ ಬರೆದೆ, ಈಗ ಹೇಳಿದ್ದೆಲ್ಲಾ ಅದರಲ್ಲಿತ್ತು, ಅಡಿಕೆ ಮರ ಒತ್ತಿ ಕೆಳಗೆ ತಾರೀಖು ಬರೆದೆ, ಓದೋ ಹಂಗೇ. ಇಂಡಿಯಾಗೆ ಸಾಕಾಗೋಷ್ಟು ಸ್ಟಾಂಪು ಅಂಟಿಸಿ ಗೂಡಲ್ಲಿಟ್ಟು ಬಂದೆ. ಮೂರು ತಿಂಗಳಾಯ್ತು. ಬಂದಿದ್ರೆ ನೀನು ಸುಮ್ನಿರೋನಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಸಾಕು ಬಿಡು, ಜಾಸ್ತಿ ಆಯ್ತು. ಅಮ್ಮಂಗೆ ನನ್ನ ನಮಸ್ಕಾರ ಹೇಳು. ದೀಪಾವಳಿಗೆ ಬರ್ತೀನಿ, ಟಿಕೆಟ್ ತೆಗೆದಾಯ್ತು. ಉಳಿ, ರಬ್ಬರು ಎಲ್ಲಾ ತರ್ತೀನಿ, ನೀನೂ ಒಂದು ಕೆತ್ತು, ಎಮ್ಮೆ ಮಾತ್ರ ಬೇಡ. ಆ ಕೆಂಪು ಛತ್ರಿ ನಿನ್ನ ಹತ್ರಾನೇ ಇದೆ ಅಂತ ನಂಗೊತ್ತು.

ನಿನ್ನ,
ಸುಬ್ಬ