ಆರು ವರ್ಷದ ಮಗುವಿನ ಮುಖಕ್ಕೆ ಅಂಕ ಯಾಕೆ?

ಸಂಪಾದಕರೇ,

ಮೊನ್ನೆ ನಮ್ಮೂರಿನ ಮಾಲ್‌ ಒಂದರಲ್ಲಿ ಪುಟಾಣಿಗಳ ಸೌಂದರ್ಯ ಸ್ಪರ್ಧೆ ಇತ್ತು. ಬಹುಮಾನ ಸಿಗದೆ ಮನೆಗೆ ಬಂದ ನನ್ನ ಅಣ್ಣನ ಆರು ವರ್ಷದ ಮಗಳು ಸೀದಾ ಕನ್ನಡಿ ಮುಂದೆ ನಿಂತು, 'ಅತ್ತೆ, ನಾನು ಕಪ್ಪಗಿದ್ದೀನಿ ಅಂತ ಕೊಡಲಿಲ್ವಾ?' ಎಂದು ಕೇಳಿದಳು. ಕರುಳು ಹಿಂಡಿದಂತಾಯಿತು. ಜನ್ಮಾಷ್ಟಮಿಗೆ ಕೃಷ್ಣನಾಗಿಯೋ ಶಾಲೆಯಲ್ಲಿ ಒನಕೆ ಓಬವ್ವಳಾಗಿಯೋ ವೇಷ ಹಾಕಿದ ಮಗು ಸೋತರೆ ಸೋತದ್ದು ವೇಷ. ಇಲ್ಲಿ ಅಂಕ ಬೀಳುವುದೇ ಮುಖಕ್ಕೆ, ಅಲ್ವಾ? ಧೈರ್ಯ ಬರುತ್ತದೆ ಎನ್ನುತ್ತಾರೆ. ಅದಕ್ಕೆ ನಾಟಕ ಇದೆ, ಹಾಡು ಇದೆ, ಖೊಖೊ ಇದೆ. ಫ್ರಾನ್ಸ್‌ನ ಸೆನೆಟ್ 2013ರಲ್ಲೇ 16 ವರ್ಷದೊಳಗಿನವರ ಇಂಥ ಸ್ಪರ್ಧೆ ನಿಷೇಧಿಸಲು ಮತ ಹಾಕಿತ್ತು. ನಮ್ಮ ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವೂ ಈ ಕಡೆ ಬೇಗ ಗಮನ ಕೊಡಲಿ.

– ಒಬ್ಬ ಅತ್ತೆ, ಮೈಸೂರು