ಅಬಿಯೋಲಾ ಮೇಲೆ ಹೊರಿಸಿದ್ದ ಆರೋಪ ಮಕ್ಕಳ ಮೇಲೆ ಬೇಡ

ನೈಜೀರಿಯಾದ ಅಧ್ಯಕ್ಷ ಬೋಲಾ ಟಿನುಬು ಅವರಿಗೆ,

ಮಾನ್ಯರೇ,

ನಾನು ನಿಮ್ಮ ದೇಶದ ಮತದಾರನಲ್ಲ, ಕರ್ನಾಟಕದವನು. ನಮ್ಮ ಹಳ್ಳಿಗಳಲ್ಲಿ ಮಕ್ಕಳು ಒಂದಾದ ಮೇಲೊಂದು ತೀರಿಕೊಂಡರೆ ಆಮೇಲೆ ಹುಟ್ಟಿದ್ದಕ್ಕೆ ತಿಪ್ಪ, ಗುಂಡ ಅಂತ ಹೆಸರಿಡುತ್ತಿದ್ದರು, ಅದಾದರೂ ಉಳಿಯಲಿ ಅಂತ. 1937ರಲ್ಲಿ ಅಬೆಯೊಕುಟಾದಲ್ಲಿ ತಂದೆಯ 23ನೇ ಮಗುವಾಗಿ ಹುಟ್ಟಿ, ಮುಂದೆ ನಿಮ್ಮ ದೇಶದ ಅಧ್ಯಕ್ಷ ಚುನಾವಣೆ ಗೆದ್ದೂ ಅಧಿಕಾರ ಸಿಗದೇ ಹೋದ ಮೊಶೂದ್ ಅಬಿಯೋಲಾ ಅವರಿಗೆ ಇಟ್ಟ ಹೆಸರು ಕಶಿಮಾವೊ, ಅಂದರೆ 'ನೋಡೋಣ'. ಅವರಿಗಿಂತ ಮೊದಲು ಹುಟ್ಟಿದ್ದ ಒಂದು ಮಗುವೂ ಉಳಿದಿರಲಿಲ್ಲ. ಈ ಹುಡುಗ ಉಳಿದ. ಒಂಬತ್ತನೇ ವಯಸ್ಸಿಗೇ ಬೆಳಗಿನ ಜಾವ ಕಾಡಿಗೆ ಹೋಗಿ ಸೌದೆ ತಂದು ಮಾರಿ, ಆಮೇಲೆ ಶಾಲೆಗೆ ಹೋಗುತ್ತಿದ್ದ.

ಗ್ಲಾಸ್ಗೋದಲ್ಲಿ ಲೆಕ್ಕಶಾಸ್ತ್ರ ಓದಿದರು. ಪತ್ರಿಕೆ, ವಿಮಾನ ಕಂಪನಿ ಎಲ್ಲವನ್ನೂ ಕಟ್ಟಿದರು. ಆ ಸಿರಿವಂತಿಕೆ ಬೆಳೆದದ್ದು ಹೆಚ್ಚಾಗಿ ಸೇನಾಡಳಿತದ ಕಾಲದಲ್ಲೇ, ಜನರಲ್‌ಗಳ ಸ್ನೇಹದಲ್ಲೇ. ಅದನ್ನು ಮರೆಮಾಚಬೇಕಿಲ್ಲ. ಸುಮ್ಮನಿದ್ದಿದ್ದರೆ ಸುಖವಾಗಿರುತ್ತಿದ್ದರು ಎನ್ನುವುದಕ್ಕಾಗಿಯೇ ಅವರ ಮೇಲೆ ನನಗೆ ಗೌರವ.

1993ರ ಜೂನ್ 12ರ ಚುನಾವಣೆಯಲ್ಲಿ ಎದುರಾಳಿ ಬಶೀರ್ ಟೋಫಾ ಅವರ ಸ್ವಂತ ಕಾನೊ ರಾಜ್ಯವೂ ಅಬಿಯೋಲಾ ಕೈಹಿಡಿಯಿತು. ಆಗಿನ ಸೇನಾಡಳಿತಗಾರ ಬಾಬಂಗಿಡಾ ಆ ಚುನಾವಣೆಯನ್ನೇ ರದ್ದು ಮಾಡಿದರು. ಮರುವರ್ಷ 'ನಾನೇ ಅಧ್ಯಕ್ಷ' ಎಂದು ಸಾರಿದ ಅಬಿಯೋಲಾರನ್ನು ಆಮೇಲೆ ಬಂದ ಜನರಲ್ ಅಬಾಚಾ ಸರ್ಕಾರ ದೇಶದ್ರೋಹದ ಆರೋಪ ಹೊರಿಸಿ ಜೈಲಿಗೆ ಹಾಕಿತು. ಗೆದ್ದದ್ದನ್ನು ಬಿಟ್ಟುಕೊಟ್ಟರೆ ಹೊರಬರಬಹುದಿತ್ತು, ಬಿಡಲಿಲ್ಲ. 1996ರಲ್ಲಿ ಪತ್ನಿ ಕುದಿರಾತ್ ಅವರನ್ನು ಲಾಗೋಸ್‌ನಲ್ಲಿ ಗುಂಡಿಕ್ಕಿ ಕೊಂದರು. 1998ರಲ್ಲಿ ವಿಶ್ವಸಂಸ್ಥೆಯ ಕೋಫಿ ಅನ್ನಾನ್ ಕಾಣಲು ಹೋದಾಗ, ನೀವು ಯಾರು ಎಂದು ಅಬಿಯೋಲಾ ಕೇಳಿದರಂತೆ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಬದಲಾದದ್ದೂ ಅವರಿಗೆ ತಿಳಿದಿರಲಿಲ್ಲ! ಅದಾಗಿ ಕೆಲವೇ ದಿನಕ್ಕೆ, ಜುಲೈ 7ರಂದು, ಬಂಧನದಲ್ಲೇ ತೀರಿಕೊಂಡರು.

ಇದೆಲ್ಲ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆ ಹೋರಾಟದಲ್ಲಿ ನೀವಿದ್ದಿರಿ, ಅದಕ್ಕಾಗಿ ದೇಶ ಬಿಟ್ಟು ಹೋಗಬೇಕಾಯಿತು.

ಹಾಗಿರುವಾಗ 2024ರ ನವೆಂಬರ್‌ನಲ್ಲಿ ನಿಮ್ಮ ರಾಜಧಾನಿ ಅಬುಜಾದ ಕೋರ್ಟಿನಲ್ಲಿ ಆದದ್ದು ನನ್ನ ನಿದ್ದೆ ಕೆಡಿಸಿತು. ಬೆಲೆಯೇರಿಕೆ ವಿರುದ್ಧ ಆಗಸ್ಟ್‌ನಲ್ಲಿ ನಡೆದ ಪ್ರತಿಭಟನೆಯಲ್ಲಿ ಹಿಡಿದುಹಾಕಿದ್ದ ಹುಡುಗರ ಮೇಲೆ ಅದೇ ದೇಶದ್ರೋಹದ ಆರೋಪ. ಹದಿನಾಲ್ಕರ ಪೋರರೂ ಅದರಲ್ಲಿದ್ದರು. ಕೆಲವರು ನಿತ್ರಾಣರಾಗಿ ಕೋರ್ಟಿನಲ್ಲೇ ಕುಸಿದುಬಿದ್ದರು. ಕೆಲವೇ ದಿನಗಳಲ್ಲಿ ಅವರನ್ನು ಬಿಡಿ ಎಂದು ನೀವೇ ಆದೇಶಿಸಿದಿರಿ, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಅಧ್ಯಕ್ಷರ ಮನಸ್ಸು ಕರಗಿದರೆ ಮಾತ್ರ ಮಗು ಮನೆಗೆ ಬರುವುದು ಅಂತಾಗಬಾರದು.

ಜೂನ್ 12 ಈಗ ನಿಮ್ಮಲ್ಲಿ ಪ್ರಜಾಪ್ರಭುತ್ವ ದಿನ. ಮುಂದಿನ ಜೂನ್ 12 ಬರುವುದರೊಳಗೆ, ಬೀದಿಗಿಳಿದು ಪ್ರತಿಭಟಿಸಿದ್ದಕ್ಕೆ ಯಾರ ಮೇಲೂ ಈ ಆರೋಪ ಹೊರಿಸುವಂತಿಲ್ಲ ಎಂದು ಕಾನೂನಿಗೇ ತಿದ್ದುಪಡಿ ತನ್ನಿ.

ಇಂತಿ,
ಕರ್ನಾಟಕದ ಒಬ್ಬ ಮತದಾರ