ಏನೂ ಇಲ್ಲ ಅಂದಿದ್ದರ ವಿವರ

ವಿನ್ನಿಪೆಗ್, ಕೆನಡಾ
ಶುಕ್ರವಾರ ಸಂಜೆ

ಪ್ರೀತಿಯ ಅಕ್ಕನಿಗೆ ನಮಸ್ಕಾರ. ಭಾವನವರಿಗೂ ತಿಳಿಸು.

ನಾನು, ವಿಮಲ ಇಬ್ಬರೂ ಚೆನ್ನಾಗಿದ್ದೇವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಭಾನುವಾರ ಫೋನಿನಲ್ಲಿ ನೀನು "ಇಡೀ ದಿನ ಏನ್ ಮಾಡ್ತೀಯೋ?" ಅಂದೆ, ನಾನು "ಏನೂ ಇಲ್ಲ ಕಣಕ್ಕ" ಅಂದೆ, ಅಲ್ಲಿಂದ ನಿನ್ನ ದನಿ ಸಪ್ಪಗಾಯಿತು. ಮಾರನೇ ದಿನ ಮಂಜು ಮೆಸೇಜ್ ಹಾಕಿದ್ದಾನೆ, "ಮಾಮ, ಅಮ್ಮ ರಾತ್ರಿ ನಿದ್ದೆ ಮಾಡಿಲ್ಲ, ನಿಮಗೆ ಹುಷಾರಿಲ್ವಾ?" ಅಂತ. ಅಯ್ಯೋ ಅಕ್ಕ. ಏನೂ ಇಲ್ಲ ಅಂದರೆ ಏನೂ ಇಲ್ಲ ಅಂತ, ಅಷ್ಟೇ. ಫೋನಿನಲ್ಲಿ ವಿವರವಾಗಿ ಹೇಳೋಣ ಅಂದರೆ ನೀನು ನಡುವೆ ನಡುವೆ ಊಟ ಆಯ್ತಾ ಅಂತ ಕೇಳುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಟ್ಯಾಬಿನಲ್ಲಿ ಮಗ ಕನ್ನಡ ಅಕ್ಷರ ಹಾಕಿಕೊಟ್ಟಿದ್ದಾನೆ, ಮಂಜು ಪ್ರಿಂಟ್ ತೆಗೆದು ಕೊಡಲಿ. ಒತ್ತಕ್ಷರ ತಪ್ಪಿದ್ದರೆ ಬೈಯಬೇಡ.

ಚಳಿ ವಿಷಯ ಬೇಗ ಮುಗಿಸುತ್ತೇನೆ, ನಿನಗೆ ಭಯ ಜಾಸ್ತಿ. ಸೋಮವಾರದಿಂದ ಮೈನಸ್ 30ರ ಆಸುಪಾಸಿನಲ್ಲೇ ಇದೆ. ಮಂಗಳವಾರ ಬೆಳಗ್ಗೆ ಮೈನಸ್ 34 ಇತ್ತು, ಗಾಳಿಯನ್ನೂ ಸೇರಿಸಿದರೆ ಮೈನಸ್ 46ರಷ್ಟು ಅನ್ನಿಸುತ್ತದೆ ಅಂತ ರೇಡಿಯೋದಲ್ಲಿ ಹೇಳಿದರು. ಅಷ್ಟಾದರೆ ಮುಚ್ಚಿಕೊಳ್ಳದ ಕೆನ್ನೆ, ಮೂಗು ಐದು ಹತ್ತು ನಿಮಿಷದಲ್ಲೇ ಹೆಪ್ಪುಗಟ್ಟಬಹುದು. ಆದರೆ ಇಂಥ ಚಳಿಯಲ್ಲಿ ಹಿಮ ಬೀಳುವುದು ಕಡಿಮೆ. ಆಕಾಶ ತೊಳೆದಿಟ್ಟ ಹಾಗಿರುತ್ತದೆ, ಒಳ್ಳೆ ಬಿಸಿಲು, ಅದರಲ್ಲಿ ಬಿಸಿ ಮಾತ್ರ ಇರುವುದಿಲ್ಲ. ಬಿದ್ದಿರುವ ಹಿಮದ ಮೇಲೆ ಕಾಲಿಟ್ಟರೆ ಹೊಸ ಚಪ್ಪಲಿಯ ಹಾಗೆ ಕಿರ್ ಕಿರ್ ಅನ್ನುತ್ತದೆ. ಬುಧವಾರ ಸೂರ್ಯನ ಎರಡೂ ಪಕ್ಕದಲ್ಲಿ ಒಂದೊಂದು ಸಣ್ಣ ಸೂರ್ಯ ಕಾಣಿಸಿತು. ಗಾಳಿಯಲ್ಲಿ ತೇಲುವ ಐಸಿನ ಚೂರುಗಳಲ್ಲಿ ಬೆಳಕು ಬಾಗಿ ಹಾಗೆ ಕಾಣುತ್ತದಂತೆ. ಇಲ್ಲಿಯವರು ಅದಕ್ಕೆ ಸೂರ್ಯನ ನಾಯಿ ಅನ್ನುತ್ತಾರೆ. ವಿಮಲ ಮೂರಕ್ಕೂ ಕೈಮುಗಿದಳು. ಸಂಕ್ರಾಂತಿ ಸಮಯ, ಯಾವುದನ್ನೂ ಬಿಡುವುದು ಬೇಡ ಅಂತ.

ಮನೆಯೊಳಗೆ ನಾನು ಪಂಚೆ ಬನಿಯನ್ನಿನಲ್ಲೇ ಇರುತ್ತೇನೆ, ಮಂಜು ನಂಬುವುದಿಲ್ಲ. ನೆಲಮಾಳಿಗೆಯಲ್ಲಿ ಗ್ಯಾಸ್ ಒಲೆಯಂಥದ್ದು ಹಗಲು ರಾತ್ರಿ ಉರಿದು ಇಡೀ ಮನೆಗೆ ಬಿಸಿ ಗಾಳಿ ಬಿಡುತ್ತದೆ. ತೊಂದರೆ ಏನೆಂದರೆ ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ತುಟಿ ಒಡೆಯುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಚಟ್ ಅಂತ ಶಾಕ್ ಹೊಡೆಯುತ್ತದೆ. ರಾತ್ರಿ ಮಲಗುವಾಗ ಅವಳು ಒದ್ದೆ ಟವೆಲ್ ಕುರ್ಚಿಗೆ ಹಾಕುತ್ತಾಳೆ, ಬೆಳಗ್ಗೆ ಹಪ್ಪಳ.

ಈ ವಾರ ನಡೆದ ಒಂದು ಎಡವಟ್ಟು ಕಾರಿನದು. ಇಲ್ಲಿ ಚಳಿಗಾಲದಲ್ಲಿ ಕಾರಿಗೆ ಕರೆಂಟ್ ಕೊಡಬೇಕು. ಎಲೆಕ್ಟ್ರಿಕ್ ಕಾರಲ್ಲ, ಪೆಟ್ರೋಲ್ ಕಾರಿಗೇ. ಎಂಜಿನ್ನಿನೊಳಗೆ ಚಿಕ್ಕ ಹೀಟರ್ ಇರುತ್ತದೆ, ಅದರ ವೈರ್ ಕಾರಿನ ಮುಂದೆ ನಾಲಿಗೆ ಚಾಚಿದ ಹಾಗೆ ನೇತಾಡುತ್ತಿರುತ್ತದೆ. ರಾತ್ರಿ ಪ್ಲಗ್ಗಿಗೆ ಚುಚ್ಚಿಟ್ಟರೆ ಬೆಳಗ್ಗೆ ಸ್ಟಾರ್ಟ್ ಆಗುತ್ತದೆ, ಇಲ್ಲದಿದ್ದರೆ ಆಯಿಲ್ ಅಂಟಿನ ಹಾಗೆ ಗಟ್ಟಿಯಾಗಿ ಎಂಜಿನ್ ತಿರುಗುವುದೇ ಇಲ್ಲ. 1990ರಲ್ಲಿ ಬಂದ ಹೊಸದರಲ್ಲಿ ಫ್ಯಾಕ್ಟರಿ ಪಾರ್ಕಿಂಗಿನಲ್ಲಿ ಸಾಲಾಗಿ ಪ್ಲಗ್ ಕಂಬಗಳನ್ನು ನೋಡಿ, ಪರವಾಗಿಲ್ಲ, ಈ ಊರು ಎಷ್ಟು ಮುಂದೆ ಹೋಗಿದೆ ಅಂದುಕೊಂಡಿದ್ದೆ. ಸರಿ, ಮಂಗಳವಾರ ರಾತ್ರಿ ನಾನು ಮರೆಯದೆ ಪ್ಲಗ್ ಹಾಕಿದ್ದೇನೆ. ಬೆಳಗ್ಗೆ ಕೀ ತಿರುಗಿಸಿದರೆ ಊಹೂಂ, ಒಂದು ನರಳಾಟ, ಅಷ್ಟೇ. ಬ್ಯಾಟರಿ ಹೋಯಿತು, ಇನ್ನೂರು ಡಾಲರ್ ಹೋಯಿತು ಅಂತ ನಾನು ಲೆಕ್ಕ ಹಾಕುತ್ತಾ ನಿಂತಿದ್ದರೆ ವಿಮಲ ಬಾಗಿಲಲ್ಲಿ ನಿಂತು, "ದೀಪಾವಳಿಗೆ ಹಾಕಿದ ಸೀರಿಯಲ್ ಸೆಟ್ ಇನ್ನೂ ಉರೀತಿತ್ತು, ಸುಮ್ನೆ ಕರೆಂಟ್ ದಂಡ ಅಂತ ಸ್ವಿಚ್ ಆಫ್ ಮಾಡಿದೆ" ಅಂದಳು. ಎರಡಕ್ಕೂ ಒಂದೇ ಸ್ವಿಚ್. ಪಕ್ಕದ ರಸ್ತೆಯ ಹುಡುಗ ಅವನ ಕಾರಿನಿಂದ ವೈರ್ ಕೊಟ್ಟು ಸ್ಟಾರ್ಟ್ ಮಾಡಿಸಿದ. ಟೈರುಗಳು ನಿಂತ ಕಡೆ ಚಪ್ಪಟೆಯಾಗಿದ್ದವು, ಮೊದಲ ಒಂದು ಕಿಲೋಮೀಟರ್ ಎತ್ತಿನ ಗಾಡಿಯೇ.

ಎಲ್ಲಿಗೆ ಹೊರಟಿದ್ದೆ ಅಂತ ಕೇಳುತ್ತೀಯ. ವಾಕಿಂಗಿಗೆ. ನಗಬೇಡ. ಹೊರಗೆ ನಡೆಯುವ ಹಾಗಿಲ್ಲ, ಅದಕ್ಕೆ ವಾರಕ್ಕೆ ಮೂರು ದಿನ ಪೋಲೊ ಪಾರ್ಕ್ ಮಾಲಿಗೆ ಹೋಗುತ್ತೇವೆ. ಅಂಗಡಿಗಳು ತೆರೆಯುವ ಮೊದಲು ನಮ್ಮಂಥ ರಿಟೈರ್ ಆದವರು ಒಳಗೆ ಸುತ್ತು ಹಾಕುತ್ತಿರುತ್ತಾರೆ. ನಾಲ್ಕು ಸುತ್ತು, ಆಮೇಲೆ ಕಾಫಿ, ಕಾಫಿಯ ಜೊತೆ ಮಂಡಿ, ಸೊಂಟ, ಬಿಪಿ. ನಿನ್ನ ಮಂಡಿ ವಿಷಯ ಅಲ್ಲಿ ಎಲ್ಲರಿಗೂ ಗೊತ್ತು ಅಕ್ಕ. ಫಿಲಿಪೀನ್ಸಿನ ಒಬ್ಬ ಹೆಂಗಸು ಇದ್ದಾರೆ, ಹಿಂದೆ ಇಲ್ಲಿಯ ಬಟ್ಟೆ ಕಾರ್ಖಾನೆಗಳಿಗೆ ಅಂತ ಬಂದವರಲ್ಲಿ ಒಬ್ಬರು, ಎಣ್ಣೆ ಹಚ್ಚುತ್ತಿದ್ದಾರಾ ಅಂತ ಪ್ರತಿ ಸಲ ವಿಚಾರಿಸುತ್ತಾರೆ. ಇನ್ನೊಂದು ತೀರದ ಚರ್ಚೆ ಇದೆ. ಈ ಊರಿನ ನಡುವೆ ಪೋರ್ಟೇಜ್ ಅಂಡ್ ಮೇನ್ ಅಂತ ಒಂದು ದೊಡ್ಡ ಸರ್ಕಲ್, ಗಾಳಿಗೆ ಹೆಸರುವಾಸಿ. 1979ರಿಂದ ಅಲ್ಲಿ ರಸ್ತೆ ದಾಟುವ ಹಾಗಿರಲಿಲ್ಲ, ನೆಲದಡಿಯ ದಾರಿಯಲ್ಲೇ ಹೋಗಬೇಕಿತ್ತು. 2025ರಲ್ಲಿ ಮತ್ತೆ ಮೇಲೆ ದಾಟಲು ಬಿಟ್ಟರು. ಸರಿಯೋ ತಪ್ಪೋ ಅಂತ ಗಂಟೆಗಟ್ಟಲೆ ವಾದ ಮಾಡುತ್ತಾರೆ, ಆ ಗುಂಪಿನಲ್ಲಿ ಒಬ್ಬರೂ ಅಲ್ಲಿಗೆ ಹೋಗುವವರಲ್ಲ.

ಇನ್ನು ನಿಜವಾದ ಸುಖದ ವಿಷಯ. ಬೆಳಗ್ಗೆ ಆರಕ್ಕೆ ಎಚ್ಚರವಾಗುತ್ತದೆ, ಅದು ಹಳೇ ಚಾಳಿ. ಬಸ್ ಕಟ್ಟುವ ಫ್ಯಾಕ್ಟರಿಯಲ್ಲಿ ಅಷ್ಟು ವರ್ಷ ಬೆಳಗಿನ ಶಿಫ್ಟ್, ಕತ್ತಲಲ್ಲಿ ಹೋಗಿ ಲೇತ್ ಮುಂದೆ ನಿಂತರೆ ಸೂರ್ಯ ಹುಟ್ಟಿದ್ದು ಊಟದ ಹೊತ್ತಿಗೆ ಗೊತ್ತಾಗುತ್ತಿತ್ತು. ಈಗ ಕಾಫಿ ಲೋಟ ಹಿಡಿದು ಕಿಟಕಿ ಹತ್ತಿರ ನಿಲ್ಲುತ್ತೇನೆ. ಎದುರು ಮನೆಯವನು ಮಂಗನ ಟೋಪಿ ಹಾಕಿಕೊಂಡು ಕಾರಿನ ಗಾಜಿನ ಐಸ್ ಕೆರೆಯುತ್ತಿರುತ್ತಾನೆ. ಅವನು ಕೆರೆಯುವಷ್ಟು ಹೊತ್ತೂ ನಾನು ಕಾಫಿ ಕುಡಿಯುತ್ತೇನೆ, ನಿಧಾನವಾಗಿ. ಪಾಪ ಬರುತ್ತದೋ ಏನೋ. ಆದರೆ ಅಕ್ಕ, ಹೋಗಬೇಕಾಗಿಲ್ಲ ಅನ್ನುವುದಕ್ಕಿಂತ ದೊಡ್ಡ ಕೆಲಸ ಈ ವಾರ ನನಗೆ ಬೇರೆ ಇರಲಿಲ್ಲ.

ವಾರಗಳ ಹೆಸರು ಮರೆತುಹೋಗುತ್ತದೆ. ಗುರುವಾರ ಮಾತ್ರ ಗೊತ್ತಾಗುತ್ತದೆ, ನಮ್ಮ ರಸ್ತೆಗೆ ಕಸದ ಗಾಡಿ ಬರುವ ದಿನ. ಗಾಡಿಯ ಪಕ್ಕದಿಂದ ಒಂದು ಕಬ್ಬಿಣದ ತೋಳು ಬಂದು ಡಬ್ಬವನ್ನು ತಬ್ಬಿಕೊಂಡು ಎತ್ತಿ ಸುರಿಯುತ್ತದೆ. ಈ ಚಳಿಗೆ ಅದರ ಹೈಡ್ರಾಲಿಕ್ ಎಣ್ಣೆಯೂ ಮಂದವಾಗಿ ತೋಳು ಮುದುಕನ ಹಾಗೆ ಏಳುತ್ತಿತ್ತು. ನಾನು ಪೂರ್ತಿ ನೋಡಿದೆ.

ಅವತ್ತೇ ಒಂದು ಗಾಬರಿಯೂ ಆಯಿತು. ಪಕ್ಕದ ಮನೆಯಲ್ಲಿ 86 ವರ್ಷದ ಅಜ್ಜಿ ಒಬ್ಬರೇ ಇದ್ದಾರೆ. ಉಕ್ರೇನಿನಿಂದ ಬಂದು ಈ ಬಯಲಿನಲ್ಲಿ ಗೋಧಿ ಬೆಳೆದವರ ಮೊಮ್ಮಗಳು. ಅವರ ಬಾಗಿಲ ಮುಂದಿನ ಹಿಮ ನಾನು ತೆಗೆಯುತ್ತೇನೆ, ಅವರು ಪೆರೋಗಿ ಮಾಡಿ ಕಳಿಸುತ್ತಾರೆ. ನಮ್ಮ ಕಡುಬೇ ಅನ್ನು, ಒಳಗೆ ಆಲೂಗಡ್ಡೆ, ಚೀಸ್. ಬೇಯಿಸಿ ಈರುಳ್ಳಿ ಜೊತೆ ಹುರಿಯುತ್ತಾರೆ. ಬೆಳಗ್ಗೆ ಒಂಬತ್ತರೊಳಗೆ ಅವರು ಅಡುಗೆಮನೆ ಕಿಟಕಿಯ ಪರದೆ ಎತ್ತಬೇಕು, ಎತ್ತದಿದ್ದರೆ ನಾವು ಫೋನ್ ಮಾಡಬೇಕು, ಇದು ಒಪ್ಪಂದ. ಗುರುವಾರ ಒಂಬತ್ತೂಕಾಲಾದರೂ ಪರದೆ ಏಳಲಿಲ್ಲ. ಎರಡು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ನಾನು ಪಂಚೆ ಮೇಲೇ ಪ್ಯಾಂಟು, ಅದರ ಮೇಲೆ ಇನ್ನೊಂದು ಪ್ಯಾಂಟು ಹಾಕಿಕೊಂಡು ಅವರು ಕೊಟ್ಟಿದ್ದ ಬೀಗದ ಕೈ ಹುಡುಕುತ್ತಿರುವಾಗ ಅವರೇ ಫೋನ್ ಮಾಡಿ, ನಿದ್ದೆ ಮಾಡಲೂ ಬಿಡುವುದಿಲ್ಲವಲ್ಲ ನೀವು ಅಂತ ಬೈದರು. ಮಧ್ಯಾಹ್ನ ವಿಮಲ ಎಳ್ಳು ಬೆಲ್ಲ ಕೊಟ್ಟು, ಇದನ್ನು ತಿಂದು ಒಳ್ಳೆ ಮಾತಾಡಬೇಕು, ಅದು ನಮ್ಮ ಪದ್ಧತಿ ಅಂದಳು. ತಿಂದ ಮೇಲೆ ಅವರ ಬಾಯಿಂದ ಮೊದಲು ಬಂದಿದ್ದು ಚಳಿಗೆ ಒಂದು ಬೈಗುಳ.

ಎಳ್ಳಿಗೆ ಹಾಕಿದ್ದು ನಿಮ್ಮ ಅಟ್ಟದ ಕೊಬ್ಬರಿಯೇ, ಮಂಜು ತಂದಿದ್ದು ಇನ್ನೂ ಎರಡು ಗಿಟುಕು ಉಳಿದಿತ್ತು. ತಿಪಟೂರಿನವರಾಗಿ ನಾವು ವರ್ಷವಿಡೀ ಐಸ್ ಹಿಡಿದ ತೆಂಗಿನ ತುರಿ ತಿನ್ನುತ್ತೇವೆ ಅಂದರೆ ನಮ್ಮಪ್ಪ ಇದ್ದಿದ್ದರೆ ಮನೆಗೇ ಸೇರಿಸುತ್ತಿರಲಿಲ್ಲ. ಕೊಬ್ಬರಿ ಹೆಚ್ಚುವುದು ನನ್ನ ಕೆಲಸ. ಒಂದೇ ಅಳತೆಗೆ ಹೆಚ್ಚುತ್ತೇನೆ, ವರ್ನಿಯರ್ ತಂದುಕೊಡಲಾ ಅಂತ ಅವಳು ಕೇಳುತ್ತಾಳೆ. ಅವರೆಕಾಯಿ ಮಾತ್ರ ಸಿಕ್ಕಲಿಲ್ಲ. ಗುಜರಾತಿಗಳ ಪಾಪ್ಡಿ ಲಿಲ್ವಾ ಅಂತ ಐಸ್ ಪ್ಯಾಕೆಟ್ ಬರುತ್ತದೆ, ಅದರಲ್ಲೇ ಹಿತಕಿದ ಬೇಳೆ ಸಾರು ಮಾಡಿದಳು. ಕಾಳು ಅವರೆಯೇ. ಸೊಗಡು ಇಲ್ಲ. ತಿಂದೆವು.

ಪೆನ್ಶನ್ ಬರುತ್ತಾ ಅಂತ ಭಾವನವರು ಕೇಳಿದ್ದರಂತೆ. ಬರುತ್ತದೆ, ತಿಂಗಳ ಕೊನೆಗೆ. ವಯಸ್ಸಾದವರಿಗೆ ಸರ್ಕಾರ ಕೊಡುವುದು ಪೂರ್ತಿ ಸಿಗಬೇಕಾದರೆ ಇಲ್ಲಿ 40 ವರ್ಷ ಇದ್ದಿರಬೇಕು. 65 ಆದಾಗ ನನ್ನದು 33 ಆಗಿತ್ತು, ಹಾಗಾಗಿ 40ರಲ್ಲಿ 33 ಭಾಗ. ದುಡಿದ ಲೆಕ್ಕದ್ದು ಬೇರೆ ಬರುತ್ತದೆ. ಸಾಕು.

ದೊಡ್ಡ ಸುದ್ದಿ ಅಂದರೆ ವಾಚಿಂದು. ನನ್ನ ಎಚ್‌ಎಂಟಿ ಜನತಾ, ತುಮಕೂರಿನ ಫ್ಯಾಕ್ಟರಿಯಲ್ಲಿದ್ದಾಗ ಕೊಂಡಿದ್ದು. ಫ್ಯಾಕ್ಟರಿ ಮುಚ್ಚಬೇಕು ಅಂತ 2016ರಲ್ಲಿ ತೀರ್ಮಾನವಾಯಿತು, ಈ ವಾಚು ಇನ್ನೂ ನಡೆಯುತ್ತಿದೆ. ಸೋಮವಾರ ರಾತ್ರಿ ಪಾತ್ರೆ ತೊಳೆಯುವಾಗ ಬಿಚ್ಚಿ ಕಿಟಕಿ ಕಟ್ಟೆಯ ಮೇಲೆ ಇಟ್ಟವನು ಮರೆತೆ. ಬೆಳಗ್ಗೆ ಆರು ನಿಮಿಷ ಹಿಂದೆ. ಗಾಜಿನ ಪಕ್ಕದ ಥಂಡಿಗೆ ಎಣ್ಣೆ ಮಂದವಾಗಿದೆ, ಅದೂ ಹಳೇ ಎಣ್ಣೆ. ಸರಿ, ತೊಳೆದು ಹೊಸ ಎಣ್ಣೆ ಬಿಡೋಣ ಅಂತ ಇವತ್ತು ಬೆಳಗ್ಗೆ ಬಿಚ್ಚಿ ಕೂತೆ. ಮೊದಲಾದರೆ ಮಾತಾಡುತ್ತಾ ಮಾಡುತ್ತಿದ್ದ ಕೆಲಸ. ಈಗ ಕಣ್ಣಿಗೆ ಲೆನ್ಸ್, ಅದರ ಮೇಲೆ ಟಾರ್ಚು, ಕೈ ಸ್ವಲ್ಪ ನಡುಗುತ್ತದೆ (ಸಕ್ಕರೆ ಅಲ್ಲ, ಚೆಕ್ ಮಾಡಿಸಿದ್ದೇನೆ). ಎಳ್ಳುಕಾಳಿಗಿಂತ ಚಿಕ್ಕದೊಂದು ಸ್ಕ್ರೂ ಚಿಮ್ಮಿ ಹೋಯಿತು. ಒಂದೂವರೆ ಗಂಟೆ ನಾವಿಬ್ಬರೂ ನೆಲದ ಮೇಲೆ ಮಂಡಿಯೂರಿ ಹುಡುಕಿದೆವು. ಅವಳು ಮ್ಯಾಗ್ನೆಟ್ ತರುತ್ತೇನೆ ಅಂದಳು, ನಾನು ಬೇಡ ಅಂತ ಕೂಗಿದೆ, ವಾಚಿನ ಸ್ಕ್ರೂಗೆ ಮ್ಯಾಗ್ನೆಟ್ ಹಿಡಿದರೆ ಟೈಮೇ ಕೆಡುತ್ತದೆ. ಅದಕ್ಕೆ ಒಂದು ಸಣ್ಣ ಜಗಳ. ಕೊನೆಗೆ ಸಿಕ್ಕಿದ್ದು ನನ್ನ ಪಂಚೆಯ ಮಡಿಕೆಯಲ್ಲಿ. ಎದ್ದೇಳುವುದಕ್ಕೆ ಇಬ್ಬರಿಗೂ ಸೋಫಾ ಬೇಕಾಯಿತು. ಈಗ ಕಟ್ಟಿಕೊಂಡಿದ್ದೇನೆ, ಸರಿಯಾಗಿ ನಡೆಯುತ್ತಿದೆ.

ಎಲ್ಲಾ ಚೆನ್ನಾಗಿದೆ ಅಂತ ಬರೆದರೆ ನೀನೂ ನಂಬುವುದಿಲ್ಲ. ಸಂಜೆ ಐದರಿಂದ ಆರು ಕಷ್ಟ. ಐದಕ್ಕೆ ಸೂರ್ಯ ಮುಳುಗುತ್ತಾನೆ, ಊಟಕ್ಕೆ ಇನ್ನೂ ಹೊತ್ತಿದೆ, ಟಿವಿಯಲ್ಲಿ ಪೊರಕೆ ಹಿಡಿದು ಐಸ್ ಗುಡಿಸುವ ಆಟ ಬರುತ್ತಿರುತ್ತದೆ, ವಿಮಲ ಮಲಗಿರುತ್ತಾಳೆ. ಆಗ ಯಾರ ಜೊತೆಗಾದರೂ ಮಾತಾಡೋಣ ಅನ್ನಿಸಿದರೆ ಅಲ್ಲಿ ನಿಮಗೆಲ್ಲ ಬೆಳಗಿನ ಜಾವ ನಾಲ್ಕೂವರೆ. ಆರು ಆಗುವಷ್ಟರಲ್ಲಿ ನೀನು ಎದ್ದು ಬಾಗಿಲಿಗೆ ನೀರು ಹಾಕಿರುತ್ತೀಯ ಅಂತ ಲೆಕ್ಕ ಹಾಕುತ್ತೇನೆ, ಅಲ್ಲಿಗೆ ಪರವಾಗಿಲ್ಲ ಅನ್ನಿಸುತ್ತದೆ. ಫೋನ್ ಮಾಡುವುದಿಲ್ಲ, ಆ ಹೊತ್ತಲ್ಲಿ ಫೋನ್ ಬಂದರೆ ನೀನು ಹೆದರಿಕೊಳ್ಳುತ್ತೀಯ.

ಊರಿಗೇ ಬಂದುಬಿಡು ಅನ್ನುತ್ತೀಯಲ್ಲ. ಹೋದ ಸಲ ಆರು ವಾರ ಇದ್ದೆ, ಒಂದು ಲೋಟ ತೊಳೆಯಲು ಬಿಟ್ಟೆಯಾ ನೀನು? ತೋಟಕ್ಕೆ ಹೊರಟರೆ ಬಿಸಿಲು, ಸಂತೆಗೆ ಹೊರಟರೆ ಧೂಳು, ಕೂತ್ಕೋ ಕೂತ್ಕೋ ಅಂತ. ಇಲ್ಲಿ ಪಾತ್ರೆ ನನ್ನದು, ಹಿಮ ನನ್ನದು, ಆ ಅಜ್ಜಿಯ ಪರದೆ ನೋಡುವುದು ನನ್ನದು. ಫೆಬ್ರವರಿಯೂ ಹೀಗೇ ಇರುತ್ತದೆ. ನವೆಂಬರಿನಲ್ಲಿ ಬರುತ್ತೇವೆ, ಆಗ ಮಾತಾಡೋಣ.

ಒಂದು ಕೆಲಸ ಇದೆ. ಭಾವನವರಿಗೆ ನಾನು ತಂದುಕೊಟ್ಟಿದ್ದ ಎಚ್‌ಎಂಟಿ ಬೀರುವಿನಲ್ಲಿ ನಿಂತು ಬಿದ್ದಿದೆಯಲ್ಲ, ಅದನ್ನು ಕೇಳಿ ನೋಡು. ಮಂಜುವಿನ ಸ್ನೇಹಿತ ಮಾರ್ಚಿನಲ್ಲಿ ಬರುತ್ತಾನಂತೆ, ಅವನ ಕೈಯಲ್ಲಿ ಕಳಿಸಿದರೆ ರಿಪೇರಿ ಮಾಡಿ ನವೆಂಬರಿನಲ್ಲಿ ತರುತ್ತೇನೆ. ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಲಿ. ನಡೆಯುತ್ತಾ ನೋಡೋಣ ಅಂತ ಯಾರೂ ಕೀ ಕೊಡಬಾರದು, ಮುಖ್ಯವಾಗಿ ಮಂಜು.

ವಿಮಲ ಎದ್ದಳು. ಕಾರಿನ ಪ್ಲಗ್ ಹಾಕಿದ್ದೀರಾ ಅಂತ ಕೇಳುತ್ತಿದ್ದಾಳೆ. ಪ್ಲಗ್ ಹಾಕಿದ್ದೇನೆ, ಸ್ವಿಚ್ ನೋಡಿ ಬರುತ್ತೇನೆ.

ನಿನ್ನ ತಮ್ಮ